ಗಂಧದ ಬಣ್ಣವೋ, ಬೂದಿ ಬಣ್ಣವೋ?

ಮನೆ ಕಟ್ಟಿದವರಿಗೆಲ್ಲ ಒಂದು ಅನುಭವವುಂಟು. ತಳಪಾಯ ಎಷ್ಟು ಆಳವಿರಬೇಕು, ಗಾರೆಗೆ ಮರಳೆಷ್ಟು ಸಿಮೆಂಟೆಷ್ಟು ಎಂಬುದನ್ನು ಮೇಸ್ತ್ರಿಯ ಮಾತಿಗೆ ಬಿಟ್ಟು ನಿಶ್ಚಿಂತರಾಗಿರುವ ಮನೆಮಂದಿ, ಗೋಡೆಗೆ ಯಾವ ಬಣ್ಣವೆಂಬ ಪ್ರಶ್ನೆ ಬಂದೊಡನೆ ಒಬ್ಬೊಬ್ಬರೂ ಪಂಡಿತರಾಗಿಬಿಡುತ್ತಾರೆ. ತಳಪಾಯ ಕಣ್ಣಿಗೆ ಕಾಣುವುದಿಲ್ಲ; ಬಣ್ಣ ಕಾಣುತ್ತದೆ. ಕಾಣುವ ವಸ್ತುವಿನ ವಿಷಯದಲ್ಲಿ ಅಭಿಪ್ರಾಯವಿಲ್ಲದ ಮನುಷ್ಯನುಂಟೆ? ಆದರೆ ಅಭಿಪ್ರಾಯ ಬೇರೆ, ವಿಚಾರ ಬೇರೆ. ಬಣ್ಣವನ್ನು ಕುರಿತು ಎರಡನೆಯದನ್ನು ಸ್ವಲ್ಪಮಟ್ಟಿಗೆ ಮಾಡಿ ನೋಡೋಣವೆಂಬುದೇ ಈ ಲೇಖನದ ಉದ್ದೇಶ.

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ಈ ನಾಲ್ಕು ತಾಲ್ಲೂಕುಗಳ ಹಳ್ಳಿಗಳಲ್ಲಿ ಈಚೆಗೆ ಕಟ್ಟಿದ ಮನೆಗಳನ್ನು ಬಸ್ಸಿನ ಕಿಟಕಿಯಿಂದ ನೋಡಿದವರು, ನಮ್ಮ ಜನಕ್ಕೆ ಬಣ್ಣದಲ್ಲಿ ಸಂಕೋಚವೇ ಇಲ್ಲವೆಂದು ತಿಳಿದಾರು. ಗಿಣಿಹಸಿರು, ಕಿತ್ತಳೆ, ನವಿಲುಗತ್ತಿನ ನೀಲಿ ಎಲ್ಲವೂ ಹೊರಗೋಡೆಯ ಮೇಲುಂಟು. ಒಳಗೆ ಕಾಲಿಟ್ಟರೆ ಕಥೆ ಬೇರೆ. ಒಳಗೋಡೆಗೆ ಬಹು ಮಂದಿ ಆರಿಸುವುದು ಸೌಮ್ಯವಾದ ಬಣ್ಣಗಳನ್ನು. ಅವುಗಳಲ್ಲಿ ಎರಡರ ನಡುವೆ ಈಗ ಪೈಪೋಟಿ: ಒಂದು ಗಂಧದ ಬಣ್ಣ, ಇನ್ನೊಂದು ಬೂದಿ ಬಣ್ಣ. ಹಿರಿಯರ ಓಟು ಸಾಮಾನ್ಯವಾಗಿ ಗಂಧಕ್ಕೆ. ಅದು ಮಂಗಳಕರ, ದೇವರ ಮನೆಯ ಬಣ್ಣ. ಮೈಸೂರು ಬೆಂಗಳೂರುಗಳ ಹೊಸ ಮನೆಗಳನ್ನು ಕಂಡುಬಂದ ಕಿರಿಯರ ಓಟು ಬೂದಿಗೆ. ‘ಸಿಮೆಂಟಿನ ಗೋಡೆಗೆ ದುಡ್ಡು ಕೊಟ್ಟು ಸಿಮೆಂಟಿನ ಬಣ್ಣ ಯಾಕೆ ಹೊಡೀಬೇಕು?’ ಎಂದು ಹಿರಿಯರು ಕೇಳಿದರೆ ಕಿರಿಯರಲ್ಲಿ ಉತ್ತರವಿಲ್ಲ. ‘ಎಲ್ಲರ ಮನೇಲೂ ಇರೋ ಬಣ್ಣವೇ ನಮ್ಮನೇಲೂ ಯಾಕಿರಬೇಕು?’ ಎಂದು ಕಿರಿಯರು ಕೇಳಿದರೆ ಹಿರಿಯರಲ್ಲೂ ಉತ್ತರವಿಲ್ಲ.

ಬಿ.ಎ. ಓದುವವರಿಗೆ ಗೋಡೆಯ ಬಣ್ಣದ ಗೊಡವೆಯೇಕೆಂದು ವಾಚಕರು ಕೇಳಬಹುದು. ನಮ್ಮದು ಹುಣಸೂರು ತಾಲ್ಲೂಕಿನಲ್ಲಿ ಹೊಗೆಸೊಪ್ಪು ಬೆಳೆಯುವ ಮನೆ. ಹಳೆಯ ಮಣ್ಣಿನ ಗೋಡೆ ಹೋಗಿ ಇಟ್ಟಿಗೆಯ ಗೋಡೆ ಬಂದಿದೆ. ಬಣ್ಣದ ಮಾತು ಬಂದಾಗ ಅಪ್ಪ, ‘ಓದಿರೋದು ನೀನು, ನೀನೇ ಹೇಳು’ ಎಂದುಬಿಟ್ಟರು. ನಮ್ಮ ವಂಶದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರು ನನಗಿಂತ ಮುಂಚೆ ಯಾರೂ ಇಲ್ಲ. ಮೂರು ವರ್ಷದ ಓದಿನಲ್ಲಿ ಮನೆಯವರು ನನ್ನನ್ನು ಕೇಳಿದ ಪ್ರಶ್ನೆಗಳೆಂದರೆ ಅರ್ಜಿ ತುಂಬುವುದು, ಬ್ಯಾಂಕಿನ ಕಾಗದ ಓದಿ ಹೇಳುವುದು ಇಷ್ಟೇ. ಒಂದು ವಿಷಯವನ್ನು ತೂಗಿ ನೋಡಿ ತೀರ್ಮಾನ ಹೇಳೆಂದು ಕೇಳಿದ್ದು ಇದೇ ಮೊದಲು. ಆದುದರಿಂದ, ಗಂಧವೇ ಚೆನ್ನ ಅಥವಾ ಬೂದಿಯೇ ಚೆನ್ನ ಎಂದು ಬಾಯಿಗೆ ಬಂದುದನ್ನು ಹೇಳಿ ನುಣುಚಿಕೊಳ್ಳಲು ಮನಸ್ಸಾಗಲಿಲ್ಲ.

ಮೊದಲು, ಸೌಮ್ಯವಾದ ಬಣ್ಣವೆಂದರೇನು? ಅಮೆರಿಕದ ಚಿತ್ರಕಾರ ಆಲ್ಬರ್ಟ್ ಮನ್ಸೆಲ್ ಎಂಬಾತ 1905ರಲ್ಲಿ ಪ್ರಕಟಿಸಿದ ಪುಸ್ತಕವೊಂದರಲ್ಲಿ, ಯಾವ ಬಣ್ಣವನ್ನೇ ಆಗಲಿ ಮೂರು ಗುಣಗಳಿಂದ ವಿವರಿಸಬಹುದೆಂದು ತೋರಿಸಿದನು. ಕೆಂಪೋ ಹಳದಿಯೋ ನೀಲಿಯೋ ಎಂಬುದು ಮೊದಲನೆಯ ಗುಣ. ಅದನ್ನು ಬಣ್ಣದ ಜಾತಿ ಎನ್ನೋಣ. ಬಿಳಿಗೆ ಹತ್ತಿರವೋ ಕಪ್ಪಿಗೆ ಹತ್ತಿರವೋ ಎಂಬುದು ಎರಡನೆಯದು. ಅದು ಬಣ್ಣದ ತಿಳಿ. ಆ ಜಾತಿಯ ಅಂಶ ಎಷ್ಟು ಬಲವಾಗಿದೆ ಎಂಬುದು ಮೂರನೆಯದು. ಅದು ಬಣ್ಣದ ಕಸುವು. ಅರಿಸಿನದ ಪುಡಿಗೂ ಗಂಧದ ಕೊರಡಿಗೂ ಜಾತಿಯಲ್ಲಿ ಅಷ್ಟೇನೂ ದೂರವಿಲ್ಲ, ಕಸುವಿನಲ್ಲಿ ದೂರವಿದೆ. ಕಸುವು ಕಡಮೆಯಾದ ಬಣ್ಣವೇ ಸೌಮ್ಯವಾದ ಬಣ್ಣ. ಗಂಧದ ಬಣ್ಣದಲ್ಲಿ ಹಳದಿಯ ಕಸುವು ಕಡಮೆಯಾಗಿದ್ದರೂ ಪೂರ್ತಿ ಹೋಗಿಲ್ಲ. ಬೂದಿಯಲ್ಲಾದರೋ ಯಾವ ಜಾತಿಯೂ ಇಲ್ಲ. ತಿಳಿ ಮಾತ್ರ ಉಂಟು. ನೋಡುವುದಕ್ಕೆ ಎರಡೂ ಸಾಧುವೇ, ಆದರೆ ಸ್ವಭಾವ ಒಂದೇ ಅಲ್ಲ. ಮುಂದೆ ಹೇಳುವುದೆಲ್ಲ ಈ ವ್ಯತ್ಯಾಸದಿಂದಲೇ ಹುಟ್ಟತಕ್ಕದ್ದು.

ಇವೆರಡೂ ಪೇಟೆಯಿಂದ ಬಂದ ಹೊಸ ಬಣ್ಣಗಳೆಂದು ತಿಳಿಯಬೇಕಾಗಿಲ್ಲ. ಡಬ್ಬದ ಬಣ್ಣ ಬರುವ ಮುಂಚೆ ನಮ್ಮ ಗೋಡೆಗಳಿಗೆ ಸುಣ್ಣವೇ ಆಧಾರ. ನೀರಿನಲ್ಲಿ ಅರಳಿಸಿದ ಸುಣ್ಣವನ್ನು ಗೋಡೆಗೆ ಬಳಿದರೆ ಅದು ಗಾಳಿಯಲ್ಲಿರುವ ಇಂಗಾಲದ ಡೈ ಆಕ್ಸೈಡನ್ನು ಹೀರಿಕೊಂಡು ಮತ್ತೆ ಕಲ್ಲಿನ ಜಾತಿಗೆ ಸೇರುತ್ತದೆ. ಸುಣ್ಣ ತೀಕ್ಷ್ಣವಾದ ಕ್ಷಾರ. ಎಲ್ಲ ಬಣ್ಣಗಳೂ ಅದರ ಸಂಗಡ ಬಾಳಲಾರವು. ಮಣ್ಣಿನ ಬಣ್ಣಗಳು ಬಾಳುತ್ತವೆ. ಹಳದಿ ಮಣ್ಣಿಗೂ ಕೆಮ್ಮಣ್ಣಿಗೂ ಬಣ್ಣ ಕೊಡುವುದು ಕಬ್ಬಿಣದ ತುಕ್ಕಿನ ಜಾತಿಯ ವಸ್ತು. ಹಳದಿಯದರಲ್ಲಿ ನೀರಿನ ಅಂಶ ಕೂಡಿಕೊಂಡಿರುತ್ತದೆ. ಚೆನ್ನಾಗಿ ಸುಟ್ಟರೆ ನೀರು ಹೋಗಿ ಅದೇ ಮಣ್ಣು ಕೆಂಪಾಗುತ್ತದೆ. ಸುಣ್ಣಕ್ಕೆ ಒಂದಿಷ್ಟು ಹಳದಿ ಮಣ್ಣು ಬೆರೆಸಿದರೆ ಸಿಕ್ಕುವುದು ಗಂಧದ ಬಣ್ಣ. ಇದ್ದಿಲಿನ ಅಥವಾ ದೀಪದ ಕಪ್ಪನ್ನು ಬೆರೆಸಿದರೆ ಸಿಕ್ಕುವುದು ಬೂದಿ ಬಣ್ಣ. ದೀಪದ ಕಪ್ಪನ್ನು ಬಿಳಿಗೆ ಸೇರಿಸಿದಾಗ ಬರುವ ಬೂದಿಯಲ್ಲಿ ಸ್ವಲ್ಪ ನೀಲಿಯ ಛಾಯೆ ಇರುತ್ತದೆಂಬುದನ್ನು ಬಣ್ಣಗಾರರು ಬಲ್ಲರು. ಬೂದಿಯ ಗೋಡೆ ‘ತಣ್ಣಗೆ’ ಕಾಣುತ್ತದೆಂದು ಜನ ಹೇಳುವುದಕ್ಕೆ ಇಂಥ ಛಾಯೆಯೂ ಒಂದು ಕಾರಣ.

ಇನ್ನು ಬೆಳಕಿನ ವಿಚಾರ. ಗೋಡೆಯ ಬಣ್ಣವೆಂದರೆ, ಗೋಡೆಯು ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಎಷ್ಟನ್ನು ಮತ್ತು ಯಾವುದನ್ನು ಹಿಂದಕ್ಕೆ ಕೊಡುತ್ತದೆ ಎಂಬ ಲೆಕ್ಕವೇ ಹೊರತು ಬೇರೆಯಲ್ಲ. ಹೊಸದಾಗಿ ಬಳಿದ ಬಿಳಿಯ ಗೋಡೆ ನೂರರಲ್ಲಿ ಸುಮಾರು 80 ಪಾಲು ಬೆಳಕನ್ನು ಹಿಂದಕ್ಕೆ ಕೊಡುತ್ತದೆ. ಉದಾಹರಣೆಗಾಗಿ, ತಿಳಿಯಾದ ಗಂಧದ ಬಣ್ಣ 70 ಪಾಲನ್ನೂ ನಡುತರದ ಬೂದಿ 50 ಪಾಲನ್ನೂ ಕೊಡುತ್ತವೆಂದು ಇಟ್ಟುಕೊಳ್ಳೋಣ. ವ್ಯತ್ಯಾಸ 20 ಪಾಲು ತಾನೆ, ಏನು ಮಹಾ ಎನ್ನಬಹುದು. ಆದರೆ ಬೆಳಕು ಒಂದು ಗೋಡೆಗೆ ಬಡಿದು ಅಲ್ಲಿಗೇ ಮುಗಿಯುವುದಿಲ್ಲ. ಎದುರು ಗೋಡೆಗೆ ಹೋಗಿ, ಅಲ್ಲಿಂದ ಮತ್ತೆ ಇಲ್ಲಿಗೆ ಬಂದು, ಚೆಂಡಿನ ಹಾಗೆ ಪುಟಿಯುತ್ತಿರುತ್ತದೆ.

ನಾವು ಪ್ರೌಢಶಾಲೆಯಲ್ಲಿ ಉರು ಹೊಡೆದ ಗುಣೋತ್ತರ ಶ್ರೇಢಿ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಮೊದಲು ಬಿದ್ದ ಬೆಳಕು 1 ಆದರೆ, ಗಂಧದ ಗೋಡೆಗಳ ನಡುವೆ ಮೊದಲ ಪುಟಿತಕ್ಕೆ 0.7, ಎರಡನೆಯದಕ್ಕೆ 0.49, ಮೂರನೆಯದಕ್ಕೆ 0.343, ಹೀಗೆ ಸೇರುತ್ತ ಹೋಗಿ ಒಟ್ಟು ಮೊತ್ತ ಸುಮಾರು 3.3 ಆಗುತ್ತದೆ. ಬೂದಿಯ ಗೋಡೆಗಳ ನಡುವೆ 0.5, 0.25, 0.125 ಎಂದು ಸೇರುತ್ತ ಹೋದರೆ ಮೊತ್ತ 2ನ್ನು ದಾಟುವುದಿಲ್ಲ. ಬಿಳಿಯ ಗೋಡೆಗಳಿಗಾದರೆ ಅದು 5. ನಿಜವಾದ ಕೋಣೆಯಲ್ಲಿ ನೆಲ, ಹೆಂಚು, ಬಾಗಿಲು, ಕಿಟಕಿ, ಮೂಲೆಯಲ್ಲಿ ಪೇರಿಸಿಟ್ಟ ರಾಗಿ ಚೀಲ ಎಲ್ಲವೂ ಬೆಳಕನ್ನು ನುಂಗುವುದರಿಂದ ಈ ಅಂಕಿಗಳು ಇಷ್ಟು ದೊಡ್ಡದಾಗಿ ಉಳಿಯುವುದಿಲ್ಲ. ಆದರೂ ದಿಕ್ಕು ಇದೇ. ಒಂದೇ ಒಂದು ಸಣ್ಣ ಕಿಟಕಿಯಿರುವ ಕೋಣೆಗೆ ಗಾಢವಾದ ಬೂದಿ ಹೊಡೆದವರು ‘ಹಗಲಲ್ಲೇ ದೀಪ ಹಾಕಬೇಕಾಯಿತು’ ಎಂದು ಗೊಣಗುವುದು ಸುಮ್ಮನೆ ಅಲ್ಲ.

ಇಲ್ಲಿಯವರೆಗೆ ಗಂಧದ ಕಡೆಗೇ ತೂಕ ಹೆಚ್ಚು. ಆದರೆ ಅದೇ ಲೆಕ್ಕವನ್ನು ಇನ್ನೊಂದು ಬಗೆಯಲ್ಲಿ ಮಾಡಿದರೆ ಬೂದಿಯ ಗುಣ ಹೊರಬೀಳುತ್ತದೆ. ಗಂಧದ ಗೋಡೆ ಬೆಳಕಿನ ಎಲ್ಲ ಅಂಶಗಳನ್ನೂ ಸಮನಾಗಿ ಹಿಂದಕ್ಕೆ ಕೊಡುವುದಿಲ್ಲ. ಕೆಂಪು ಹಳದಿಗಳನ್ನು ಹೆಚ್ಚಾಗಿಯೂ ನೀಲಿಯನ್ನು ಕಡಮೆಯಾಗಿಯೂ ಕೊಡುತ್ತದೆ. ಕೆಂಪಿನಲ್ಲಿ 75, ನೀಲಿಯಲ್ಲಿ 50 ಎಂದು ಇಟ್ಟುಕೊಳ್ಳಿ. ಅಂಗಡಿಯವನು ಕೊಟ್ಟ ಶೇಡ್ ಕಾರ್ಡಿನ ಮೇಲೆ ಕೆಂಪು ನೀಲಿಗಿಂತ ಒಂದೂವರೆ ಪಟ್ಟು. ನಾಲ್ಕೂ ಗೋಡೆಗೆ ಅದೇ ಬಣ್ಣವಾದಾಗ, ಶ್ರೇಢಿಯ ಪ್ರಕಾರ ಕೆಂಪಿನ ಮೊತ್ತ 4, ನೀಲಿಯ ಮೊತ್ತ 2. ಕೋಣೆಯಲ್ಲಿ ತುಂಬಿರುವ ಬೆಳಕಿನಲ್ಲೇ ಕೆಂಪು ನೀಲಿಯ ಎರಡು ಪಟ್ಟಾಗುತ್ತದೆ. ‘ಕಾರ್ಡಿನಲ್ಲಿ ಕೆನೆಯ ಹಾಗಿತ್ತು, ಗೋಡೆಗೆ ಬಂದ ಮೇಲೆ ಅರಿಸಿನದ ಹಾಗಾಯಿತು’ ಎಂಬ ದೂರು ಇದೆಯಲ್ಲ, ಅದಕ್ಕೆ ಅಂಗಡಿಯವನ ಮೋಸವಾಗಲಿ ಬಣ್ಣ ಹೊಡೆದವನ ಕೈಗುಣವಾಗಲಿ ಕಾರಣವಾಗಬೇಕಾಗಿಲ್ಲ. ಬೆಳಕು ಪುಟಿದಷ್ಟೂ ಗೋಡೆಯ ಬಣ್ಣ ಕೋಣೆಯ ಬೆಳಕಿಗೆ ಹತ್ತುತ್ತದೆ, ಅಷ್ಟೆ. ಅಪ್ಪಟ ಬೂದಿಯ ಗೋಡೆ ಕೆಂಪನ್ನೂ ನೀಲಿಯನ್ನೂ ಒಂದೇ ಪ್ರಮಾಣದಲ್ಲಿ ಕೊಡುವುದರಿಂದ ಎಷ್ಟು ಸಲ ಪುಟಿದರೂ ಬೆಳಕಿನ ಪ್ರಮಾಣ ತಗ್ಗುತ್ತದೆಯೇ ಹೊರತು ಅದರ ಬಣ್ಣ ಕೆಡುವುದಿಲ್ಲ.

ಸಂಕ್ಷೇಪವಾಗಿ ಹೇಳುವುದಾದರೆ, ಗಂಧದ ಗೋಡೆ ಬೆಳಕನ್ನು ಹೆಚ್ಚಾಗಿ ಕೊಡುತ್ತದೆ, ಆದರೆ ಅದಕ್ಕೆ ತನ್ನ ಮಾತನ್ನೂ ಸೇರಿಸಿ ಕೊಡುತ್ತದೆ. ಬೂದಿಯ ಗೋಡೆ ಕಡಮೆ ಕೊಡುತ್ತದೆ, ಕೊಟ್ಟಷ್ಟನ್ನು ಇದ್ದ ಹಾಗೆಯೇ ಕೊಡುತ್ತದೆ. ಒಂದು ಮೆಚ್ಚಿಸುವ ಬಣ್ಣ, ಇನ್ನೊಂದು ನಿಜ ಹೇಳುವ ಬಣ್ಣ.

ನಿಜ ಹೇಳುವ ಬಣ್ಣದಿಂದ ಮನೆಗೇನು ಪ್ರಯೋಜನವೆಂದು ಕೇಳಿದರೆ, ಬೇರೆ ಊರಿನಲ್ಲಿ ಅದಕ್ಕೆ ಉತ್ತರ ಹುಡುಕಬೇಕಾದೀತು. ನಮ್ಮ ತಾಲ್ಲೂಕುಗಳಲ್ಲಿ ಹುಡುಕಬೇಕಾಗಿಲ್ಲ. ಹೊಗೆಸೊಪ್ಪಿನ ಬೆಲೆ ಬಹುಮಟ್ಟಿಗೆ ಬಣ್ಣದ ಮೇಲೆ ನಿಂತಿದೆ. ಹೊಲದಿಂದ ಬಿಡಿಸಿ ತಂದ ಹಸಿ ಎಲೆಯನ್ನು ಕಡ್ಡಿಗೆ ಕಟ್ಟಿ ಬ್ಯಾರನ್ನಿಗೆ ಏರಿಸಿ, ಐದಾರು ದಿನ ಹಗಲಿರುಳು ಉರಿ ಕಾಯುತ್ತಾರೆ. ಮೊದಲು ಎಲೆ ಹಳದಿಗೆ ತಿರುಗಬೇಕು, ಆಮೇಲೆ ಆ ಬಣ್ಣ ನಿಲ್ಲಬೇಕು, ತರುವಾಯ ಎಲೆ ಒಣಗಬೇಕು, ಕೊನೆಗೆ ನಡುವಿನ ದಂಟು ಒಣಗಬೇಕು. ಉರಿ ಒಂದಿಷ್ಟು ಹೆಚ್ಚು ಕಡಮೆಯಾದರೂ ಎಲೆ ಹಸಿರಾಗಿಯೇ ಉಳಿದೀತು, ಇಲ್ಲವೆ ಕಂದಾದೀತು. ಹದವಾದ ಎಲೆಯನ್ನು ಇಳಿಸಿ, ಕೂಡಿಹಾಕಿ, ಮನೆಯವರೆಲ್ಲ ಕುಳಿತು ಗ್ರೇಡ್ ಮಾಡುತ್ತಾರೆ. ನಿಂಬೆಹಳದಿ, ಕಿತ್ತಳೆ, ತಿಳಿಕಂದು, ಕಡುಕಂದು, ಹಸಿರು ಮಿಶ್ರವಾದದ್ದು ಎಂದು ಬೇರೆ ಬೇರೆ ಮಾಡಿ ಬೇಲ್ ಕಟ್ಟುತ್ತಾರೆ. ಎಲೆ ಗಿಡದ ಯಾವ ಭಾಗದ್ದು, ದಪ್ಪವೆಷ್ಟು, ಕಲೆಗಾಯಗಳೆಷ್ಟು ಎಂಬುದನ್ನೂ ನೋಡುವುದುಂಟು. ಆದರೆ ಕಣ್ಣು ಮೊದಲು ಹಿಡಿಯುವುದು ಬಣ್ಣವನ್ನೇ.

1975ರ ತಂಬಾಕು ಮಂಡಳಿ ಕಾಯಿದೆಯ ಪ್ರಕಾರ 1976ರಲ್ಲಿ ಗುಂಟೂರಿನಲ್ಲಿ ಮಂಡಳಿ ಸ್ಥಾಪಿತವಾಯಿತು. 1984ರಲ್ಲಿ ಕರ್ನಾಟಕದಲ್ಲಿ ಹರಾಜು ಪದ್ಧತಿ ಪ್ರಾರಂಭವಾಯಿತು. ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆ ಮೊದಲಾದ ಕಡೆಗಳ ಹರಾಜು ಮಾರುಕಟ್ಟೆಗೆ ಬೇಲ್ ಹೋದಾಗ ಅಲ್ಲಿ ಅದನ್ನು ನೋಡುವ ಕಣ್ಣು ಬೇರೆ, ಬೆಳಕು ಬೇರೆ. ಮೇಲುತರದ ಎಲೆಯ ನಡುವೆ ಕೀಳುತರದ ಎಲೆ ಸೇರಿದ್ದರೆ ಇಡೀ ಬೇಲಿನ ಬೆಲೆ ಇಳಿಯುತ್ತದೆ. ಹಾಗಿರುವಾಗ, ಗ್ರೇಡ್ ಮಾಡುವ ಪಡಸಾಲೆಯ ಗೋಡೆಯೇ ಹಳದಿ ಬೆಳಕನ್ನು ಚೆಲ್ಲುತ್ತಿದ್ದರೆ ಏನಾದೀತು? ಎಲೆಯಲ್ಲಿ ಉಳಿದಿರುವ ಹಸಿರು ಕಣ್ಣಿಗೆ ಮರೆಯಾದೀತು. ಮಂಕಾದ ಎಲೆ ಹೊಂಬಣ್ಣದ ಹಾಗೆ ಕಂಡೀತು. ಒಂದು ವರ್ಷದ ದುಡಿಮೆಯ ಬೆಲೆ ತೀರ್ಮಾನವಾಗುವ ಕಡೆ ಕಣ್ಣಿಗೆ ಮುಖಸ್ತುತಿ ಬೇಕಾಗಿಲ್ಲ.

ಇಷ್ಟೇ ಅಲ್ಲ, ಇನ್ನೊಂದು ತೊಡಕೂ ಉಂಟು. ಪ್ಯಾರಿಸ್ಸಿನ ಗೊಬೆಲಿನ್ ಎಂಬ ಪ್ರಖ್ಯಾತ ನೇಯ್ಗೆಯ ಕಾರ್ಖಾನೆಯಲ್ಲಿ ಬಣ್ಣದ ವಿಭಾಗಕ್ಕೆ ಮುಖ್ಯಸ್ಥನಾಗಿದ್ದ ಷೆವ್ರೆಲ್ ಎಂಬ ರಸಾಯನಶಾಸ್ತ್ರಜ್ಞನಿಗೆ, ಕಪ್ಪು ನೂಲಿಗೆ ಬಣ್ಣ ಸರಿಯಾಗಿ ಹಿಡಿದಿಲ್ಲವೆಂಬ ದೂರು ಬಂದಿತು. ಪರೀಕ್ಷಿಸಿ ನೋಡಿದರೆ ಬಣ್ಣದಲ್ಲಿ ದೋಷವಿರಲಿಲ್ಲ. ಕಪ್ಪಿನ ಪಕ್ಕದಲ್ಲಿ ನೇಯ್ದ ನೀಲಿ, ನೇರಳೆ ನೂಲುಗಳಿಂದ ಕಪ್ಪು ಪೇಲವವಾಗಿ ಕಾಣುತ್ತಿತ್ತು. ಪಕ್ಕಪಕ್ಕದ ಬಣ್ಣಗಳು ಒಂದನ್ನೊಂದು ದೂರ ತಳ್ಳುತ್ತವೆಂಬ ಈ ನಿಯಮವನ್ನು ಆತ 1839ರ ತನ್ನ ಗ್ರಂಥದಲ್ಲಿ ವಿಸ್ತಾರವಾಗಿ ನಿರೂಪಿಸಿದನು. ಈಗ ನಮ್ಮ ಪಡಸಾಲೆಗೆ ಬನ್ನಿ. ಗಂಧದ ಗೋಡೆಯಿಂದ ಬಂದ ಬೆಳಕು ಎಲೆಯನ್ನು ಹೆಚ್ಚು ಹಳದಿ ಮಾಡುತ್ತದೆ. ಅದೇ ಗೋಡೆಯನ್ನು ಹಿನ್ನೆಲೆಯಾಗಿಟ್ಟು ಎಲೆಯನ್ನು ಎತ್ತಿ ಹಿಡಿದರೆ, ಹಳದಿಯ ಎದುರಿನಲ್ಲಿ ಎಲೆಯ ಹಳದಿ ಕುಗ್ಗಿದಂತೆ ಕಾಣುತ್ತದೆ. ಒಂದು ಎತ್ತಿ ಹೇಳುತ್ತದೆ, ಇನ್ನೊಂದು ಇಳಿಸಿ ಹೇಳುತ್ತದೆ. ಯಾವುದನ್ನು ನಂಬುವುದು? ಅಪ್ಪಟ ಬೂದಿಗೆ ಬಣ್ಣದ ಜಾತಿಯೇ ಇಲ್ಲದಿರುವುದರಿಂದ ಎರಡು ತೊಂದರೆಯೂ ಇಲ್ಲ.

ಸೂರ್ಯನ ವಿಷಯವನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ಉತ್ತರಕ್ಕೆ ಕಿಟಕಿಯಿರುವ ಕೋಣೆಗೆ ಬಿಸಿಲೇ ಬೀಳದು, ಅದಕ್ಕೆ ಬಿಸುಪಾದ ಬಣ್ಣ ಹೊಡೆಯಬೇಕೆಂದು ಯೂರೋಪಿನ ಪುಸ್ತಕಗಳು ಹೇಳುತ್ತವೆ. ಅದು ಅವರ ದೇಶಕ್ಕೆ ಸರಿ. ಹುಣಸೂರು ಇರುವುದು ಸಮಭಾಜಕ ವೃತ್ತದಿಂದ ಉತ್ತರಕ್ಕೆ ಸುಮಾರು 12 ಡಿಗ್ರಿಯಲ್ಲಿ. ಏಪ್ರಿಲ್ ಕೊನೆಯ ವಾರದ ಸುಮಾರಿನಿಂದ ಆಗಸ್ಟ್ ಮೂರನೆಯ ವಾರದವರೆಗೆ ನಮ್ಮಲ್ಲಿ ನಡುಹಗಲ ಸೂರ್ಯ ನೆತ್ತಿಯಿಂದ ಉತ್ತರಕ್ಕೇ ವಾಲಿರುತ್ತಾನೆ. ಆದುದರಿಂದ ನಮ್ಮ ಉತ್ತರದ ಕಿಟಕಿ ವರ್ಷವೆಲ್ಲ ಬಿಸಿಲು ಕಾಣದ ಕಿಟಕಿಯಲ್ಲ. ಆದರೆ ಸೆಪ್ಟೆಂಬರ್ 23ರ ಸುಮಾರಿನಿಂದ ಮಾರ್ಚ್ 21ರ ಸುಮಾರಿನವರೆಗೆ ಸೂರ್ಯ ಹುಟ್ಟುವುದರಿಂದ ಮುಳುಗುವವರೆಗೆ ದಕ್ಷಿಣದ ಕಡೆಯೇ ಇರುತ್ತಾನೆ. ಆಗ ಉತ್ತರದ ಕಿಟಕಿಯಿಂದ ನೇರ ಬಿಸಿಲು ಬರುವುದಿಲ್ಲ. ಆಕಾಶದ ಹರಡಿದ ಬೆಳಕು ಮಾತ್ರ ಸಮನಾಗಿ ಬರುತ್ತದೆ. ನಮ್ಮ ಕಡೆ ಸೊಪ್ಪಿನ ಗ್ರೇಡಿಂಗೂ ಹರಾಜೂ ಬಹುಪಾಲು ನಡೆಯುವುದು ಇದೇ ತಿಂಗಳುಗಳಲ್ಲಿ. ಉತ್ತರದ ಕಿಟಕಿ, ತಿಳಿಬೂದಿಯ ಗೋಡೆ ಇವೆರಡೂ ಕೂಡಿದ ಕಡೆ ಕುಳಿತು ಎಲೆಯನ್ನು ನೋಡಿದರೆ ಬೆಳಿಗ್ಗೆ ಒಂದು ಬಣ್ಣ ಸಂಜೆ ಒಂದು ಬಣ್ಣ ಎಂಬ ಗೊಂದಲ ಕಡಮೆಯಾಗುತ್ತದೆ.

ಹಾಗಾದರೆ ಬೂದಿಯೇ ಗೆದ್ದಿತೆಂದು ಕಿರಿಯರು ಸಂತೋಷಪಡುವುದು ಬೇಡ. ಮನೆಯೆಂದರೆ ಪಡಸಾಲೆ ಮಾತ್ರವಲ್ಲ, ವರ್ಷವೆಂದರೆ ಗ್ರೇಡಿಂಗಿನ ತಿಂಗಳು ಮಾತ್ರವಲ್ಲ. ಜೂನ್, ಜುಲೈ ತಿಂಗಳುಗಳಲ್ಲಿ ಕೋಟೆಯ ಕಾಡಂಚಿನ ಊರುಗಳಲ್ಲೂ ಪಿರಿಯಾಪಟ್ಟಣದಿಂದ ಕೊಡಗಿನ ಕಡೆಗಿರುವ ಊರುಗಳಲ್ಲೂ ಮೋಡ ಕವಿದು ದಿನಗಟ್ಟಲೆ ಬಿಸಿಲು ಕಾಣದು. ಹೊರಗೆ ಆಕಾಶ ಬೂದಿ, ಒಳಗೆ ಗೋಡೆಯೂ ಬೂದಿಯಾದರೆ ಮನಸ್ಸು ಅರಳುವುದೆಲ್ಲಿಂದ? ಅಂಥ ದಿನಗಳಲ್ಲಿ ಗಂಧದ ಗೋಡೆ, ಇರುವ ಅಲ್ಪ ಬೆಳಕಿಗೇ ಎಳೆಬಿಸಿಲಿನ ಬಣ್ಣ ಕೊಟ್ಟು ಮನೆಯನ್ನು ಬೆಚ್ಚಗೆ ತೋರಿಸುತ್ತದೆ. ಆ ಬಿಸುಪು ತೋರಿಕೆಯದೇ ಇರಬಹುದು. ಗೋಡೆಯ ಬಣ್ಣದಿಂದ ಚಳಿ ಕಡಮೆಯಾಗುವುದಿಲ್ಲ. ಆದರೆ ಮನುಷ್ಯ ಬದುಕುವುದು ಬರಿಯ ಥರ್ಮಾಮೀಟರಿನಿಂದಲ್ಲವಷ್ಟೆ.

ಅಡುಗೆಮನೆಯ ನ್ಯಾಯವೂ ಬೇರೆ. ಒಲೆಯ ಮುಂದೆ ದಿನವೂ ಬಹಳ ಹೊತ್ತು ಕಳೆಯುವವಳು ಅವ್ವ. ಅಲ್ಲಿ ಬೇಕಾದುದು ಮೊದಲು ಬೆಳಕಿನ ಪ್ರಮಾಣ, ಆಮೇಲೆ ಉಳಿದದ್ದು. ಅನ್ನ, ಮುದ್ದೆ, ಸಾರು ಇವು ಬಿಸುಪಾದ ಬೆಳಕಿನಲ್ಲಿ ರುಚಿಯಾಗಿ ಕಾಣುತ್ತವೆ. ಮನುಷ್ಯರ ಮುಖಗಳೂ ಹಾಗೆಯೇ. ನೀಲಿಯ ಛಾಯೆಯುಳ್ಳ ಬೂದಿಯ ಮುಂದೆ ಆರೋಗ್ಯವಂತರೂ ದಣಿದವರ ಹಾಗೆ ಕಾಣುವುದುಂಟು. ಅಡುಗೆಮನೆಯಲ್ಲೂ ಉಣ್ಣುವ ಕಡೆಯಲ್ಲೂ ಗೋಡೆ ಒಂದಿಷ್ಟು ಮುಖಸ್ತುತಿ ಮಾಡಿದರೆ ಯಾರಿಗೂ ನಷ್ಟವಿಲ್ಲ.

ರಾತ್ರಿಯ ಮಾತನ್ನು ವಿದ್ಯಾರ್ಥಿಗಳಾದ ನಾವು ಮರೆಯುವಂತಿಲ್ಲ. ಹಳೆಯ ತಂತಿಯ ಬಲ್ಬಿನ ಬೆಳಕು ಸ್ವಭಾವತಃ ಹಳದಿ; ಅದರ ಕೆಳಗೆ ಗಂಧದ ಗೋಡೆ ಇನ್ನಷ್ಟು ಹಳದಿಯಾಗುತ್ತಿತ್ತು, ಬೂದಿಯೂ ಸ್ವಲ್ಪ ಬೆಚ್ಚಗಾಗುತ್ತಿತ್ತು. 2015ರಲ್ಲಿ ಕೇಂದ್ರ ಸರ್ಕಾರದ ಉಜಾಲಾ ಯೋಜನೆ ಬಂದ ತರುವಾಯ ಎಲ್‌ಇಡಿ ಬಲ್ಬು ಹಳ್ಳಿಹಳ್ಳಿಗೂ ಹರಡಿತು. ನಮ್ಮ ಕಡೆ ಹೆಚ್ಚಾಗಿ ಕೊಳ್ಳುವುದು ಅದರಲ್ಲಿ ಬಿಳಿಯ ಬೆಳಕಿನದನ್ನು. ಡಬ್ಬಿಯ ಮೇಲೆ 6500 ಕೆ ಎಂದು ಬರೆದಿರುತ್ತದೆ. ಈ ಬೆಳಕಿನಲ್ಲಿ ನೀಲಿಯ ಅಂಶ ಹೆಚ್ಚು. ಅದರ ಕೆಳಗೆ ಬೂದಿಯ ಗೋಡೆ ಆಸ್ಪತ್ರೆಯ ಗೋಡೆಯ ಹಾಗೆ ಕಾಣುತ್ತದೆಂದು ಹೇಳುವವರ ಮಾತಿನಲ್ಲಿ ಸತ್ಯವಿದೆ. ಗಂಧದ ಗೋಡೆಯಾದರೋ ಆ ನೀಲಿಯನ್ನು ಸ್ವಲ್ಪ ನುಂಗಿ ಹದಮಾಡುತ್ತದೆ. ಬೂದಿಯನ್ನೇ ಹೊಡೆಯುವವರು ಗೋಡೆಯ ಜೊತೆಗೆ ಬಲ್ಬನ್ನೂ ಆಲೋಚಿಸಬೇಕು. 2700 ಅಥವಾ 3000 ಕೆ ಎಂದು ಬರೆದಿರುವ ಬಲ್ಬು ಹಾಕಿದರೆ ಅದೇ ಬೂದಿ ಸೌಮ್ಯವಾಗುತ್ತದೆ. ಓದುವ ಮೂಲೆಗೆ ಮಾತ್ರ, ದೀಪ ಯಾವುದೇ ಇರಲಿ, ತಿಳಿಯಾದ ಗೋಡೆಯೇ ಮೇಲು. ಕಪ್ಪು ಅಕ್ಷರ ಬಿಳಿ ಕಾಗದಗಳಿಗೆ ಗೋಡೆಯ ಬಣ್ಣದ ಜಾತಿಯಿಂದ ಆಗಬೇಕಾದುದು ಅಷ್ಟಿಲ್ಲ. ಬೆಳಕು ಸಾಲದಿದ್ದರೆ ಕಷ್ಟ.

ಕೊಳೆಯ ವಿಚಾರವನ್ನು ಬಿಟ್ಟರೆ ಹೆಂಗಸರು ಈ ಲೇಖನವನ್ನು ಒಪ್ಪಲಾರರು. ಯಾವ ಬಣ್ಣದ ಮೇಲೆ ಯಾವ ಕೊಳೆ ಕಾಣುತ್ತದೆಂಬುದಕ್ಕೆ ಸುಲಭವಾದ ಸೂತ್ರವುಂಟು: ತನ್ನ ಜಾತಿಯ ಕೊಳೆಯನ್ನು ಬಣ್ಣ ಮರೆಸುತ್ತದೆ, ಪರಜಾತಿಯದನ್ನು ತೋರಿಸುತ್ತದೆ. ನಮ್ಮದು ಕೆಂಪು ನೆಲ. ಮಳೆಗಾಲದ ಕಾಲು, ಬೇಸಿಗೆಯ ಧೂಳು ಎರಡೂ ಕೆಂಪೇ. ಗಂಧದ ಗೋಡೆಯ ಮೇಲೆ ಅದು ಬೆರೆತುಹೋಗುತ್ತದೆ. ಬೂದಿಯ ಮೇಲೆ ಎದ್ದು ಕಾಣುತ್ತದೆ. ಒಲೆಯ ಹೊಗೆ, ಬ್ಯಾರನ್ನಿನ ಮಸಿ ಬೂದಿಯಲ್ಲಿ ಮರೆಯಾಗುತ್ತವೆ. ಗಂಧದ ಮೇಲೆ ಗೆರೆಗೆರೆಯಾಗಿ ಕಾಣುತ್ತವೆ. ಹಸಿ ಸೊಪ್ಪು ಬಿಡಿಸಿದ ಕೈಯ ಕಪ್ಪು ಅಂಟು ಮಾತ್ರ ಎರಡರ ಮೇಲೂ ಕಾಣುತ್ತದೆ. ಅದಕ್ಕೆ ಔಷಧ ಬಣ್ಣವಲ್ಲ, ಸೋಪು. ತೇವ ಹಿಡಿದ ಗೋಡೆಯಲ್ಲಿ ಹುಡಿಹುಡಿಯಾಗಿ ಏಳುವ ಬಿಳಿಯ ಉಪ್ಪು ಬೂದಿಯ ಮೇಲೆ ಬೇಗ ಕಣ್ಣಿಗೆ ಬೀಳುತ್ತದೆ. ಕೃಷ್ಣರಾಜನಗರದ ಕಾಲುವೆಯ ಬಯಲುಗಳಲ್ಲಿ, ಗದ್ದೆಗೆ ಹತ್ತಿರವಾಗಿ ಮನೆ ಕಟ್ಟಿದವರು ಇದನ್ನು ಗಮನದಲ್ಲಿಡತಕ್ಕದ್ದು. ಆದರೆ ತೇವವನ್ನು ಮುಚ್ಚಿಡುವ ಗೋಡೆಗಿಂತ ಬೇಗ ತೋರಿಸುವ ಗೋಡೆಯೇ ಒಳ್ಳೆಯದೆಂದೂ ವಾದಿಸಬಹುದು.

ಬೂದಿಯೆಂಬ ಹೆಸರಿನ ಬಗ್ಗೆ ಹಿರಿಯರಿಗಿರುವ ಹಿಂಜರಿಕೆಯನ್ನು ನಾವು ನಕ್ಕು ತಳ್ಳಿಹಾಕಬಾರದು. ಬೂದಿಯೆಂದರೆ ಉರಿದು ಮುಗಿದದ್ದು ಎಂಬ ಭಾವನೆ ಮನಸ್ಸಿನಲ್ಲಿ ಬೇರೂರಿದೆ. ಆದರೆ ಅದೇ ಬೂದಿ ವಿಭೂತಿಯಾಗಿ ಹಣೆಯ ಮೇಲೇರುತ್ತದೆ, ಪಾತ್ರೆ ಬೆಳಗುತ್ತದೆ, ಹೊಲಕ್ಕೆ ಗೊಬ್ಬರವಾಗುತ್ತದೆ. ಗಂಧವೂ ಬೂದಿಯೂ ಎರಡೂ ಹಣೆಗೇರುವ ವಸ್ತುಗಳೇ ಆಗಿರುವಾಗ ಒಂದು ಮಂಗಳ ಒಂದು ಅಮಂಗಳವೆಂದು ಹೇಳುವುದು ಹೇಗೆ? ಹೀಗೆಂದು ಹಿರಿಯರಿಗೆ ವಿನಯದಿಂದ ಹೇಳಿದರೆ ಅವರು ಕೇಳದವರೇನಲ್ಲ.

ಕೊನೆಯದಾಗಿ, ಆರಿಸುವ ಬಗೆ. ಅಂಗಡಿಯ ಶೇಡ್ ಕಾರ್ಡಿನ ಹೆಬ್ಬೆರಳಗಲದ ಚೂರನ್ನು ನೋಡಿ ತೀರ್ಮಾನಿಸುವುದು, ಒಂದು ಅಗುಳು ಮುಟ್ಟಿ ಇಡೀ ಊಟದ ರುಚಿ ಹೇಳಿದ ಹಾಗೆ. ಎರಡಡಿ ಉದ್ದ ಎರಡಡಿ ಅಗಲದ ಎರಡು ಹಲಗೆಗಳಿಗೆ ಎರಡು ಬಣ್ಣಗಳನ್ನೂ ಎರಡೆರಡು ಕೋಟು ಹೊಡೆದು ಪೂರ್ತಿ ಒಣಗಲು ಬಿಡಬೇಕು. ಹಸಿಯಾಗಿದ್ದಾಗಿನ ಬಣ್ಣ ಒಣಗಿದ ಮೇಲೆ ಉಳಿಯುವುದಿಲ್ಲ. ಆ ಹಲಗೆಗಳನ್ನು ಕೋಣೆಯ ಬೇರೆ ಬೇರೆ ಗೋಡೆಗಳಿಗೆ ಒರಗಿಸಿ ಬೆಳಿಗ್ಗೆ, ನಡುಹಗಲು, ಸಂಜೆ, ರಾತ್ರಿ ದೀಪದಲ್ಲಿ ನೋಡಬೇಕು. ಬೂದಿಯ ಪಕ್ಕದಲ್ಲಿ ಒಂದು ಬಿಳಿಯ ಹಾಳೆ ಇಟ್ಟರೆ ಅದರಲ್ಲಿ ಅಡಗಿರುವ ನೀಲಿ, ಹಸಿರು, ನೇರಳೆ ಛಾಯೆ ಹೊರಗೆ ಬರುತ್ತದೆ. ಗ್ರೇಡಿಂಗಿನ ಪಡಸಾಲೆಗಾದರೆ ಛಾಯೆಯಿಲ್ಲದ, ಆದಷ್ಟು ತಿಳಿಯಾದ ಬೂದಿಯನ್ನೇ ಆರಿಸಬೇಕು. ಪ್ರತಿಫಲನ 50ರ ಬದಲು 60 ಪಾಲಾದರೂ ಶ್ರೇಢಿಯ ಮೊತ್ತ 2ರಿಂದ 2.5ಕ್ಕೆ ಏರುತ್ತದೆ. ಗಂಧವನ್ನು ಆರಿಸುವವರು ಕಾರ್ಡಿನಲ್ಲಿ ಮೆಚ್ಚಿದ್ದಕ್ಕಿಂತ ಒಂದು ಮೆಟ್ಟಿಲು ತಿಳಿಯಾದುದನ್ನು ತರಬೇಕು. ನಾಲ್ಕು ಗೋಡೆಗಳು ಸೇರಿ ಉಳಿದ ಹಳದಿಯನ್ನು ತಾವೇ ಒದಗಿಸಿಕೊಳ್ಳುತ್ತವೆ.

ನಮ್ಮ ಮೈಸೂರಿಗೂ ಬಣ್ಣಕ್ಕೂ ಹಳೆಯ ನಂಟು. 1937ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಅರಗು ಮತ್ತು ಬಣ್ಣದ ಕಾರ್ಖಾನೆಯೊಂದು ಪ್ರಾರಂಭವಾಗಿ, ಇಂದು ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್ ಎಂಬ ಹೆಸರಿನ ಸರ್ಕಾರಿ ಸಂಸ್ಥೆಯಾಗಿದೆ. 1962ರ ಚುನಾವಣೆಯಿಂದ ಈಚೆಗೆ ದೇಶದ ಮತದಾರರ ಬೆರಳಿಗೆ ಹಚ್ಚುವ ಅಳಿಸಲಾಗದ ಶಾಯಿ ತಯಾರಾಗುವುದು ಅಲ್ಲಿಯೇ. ಆ ಶಾಯಿಯ ಬಣ್ಣ ಚೆಂದವಾಗಿದೆಯೇ ಎಂದು ಯಾರೂ ಕೇಳುವುದಿಲ್ಲ. ಕಾಣಬೇಕಾದುದು ಕಾಣುತ್ತದೆಯೇ ಎಂದಷ್ಟೇ ಕೇಳುತ್ತಾರೆ. ಗೋಡೆಯ ಬಣ್ಣಕ್ಕೂ ಮೊದಲು ಇದೇ ಪ್ರಶ್ನೆ ಹಾಕುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ. ಈ ಕೋಣೆಯಲ್ಲಿ ನಾವು ಏನನ್ನು ನೋಡಬೇಕಾಗಿದೆ?

ನಮ್ಮ ಮನೆಯ ಮಟ್ಟಿಗೆ ನಾನು ಹೇಳಿದ ತೀರ್ಮಾನ ಇದು: ಸೊಪ್ಪು ಗ್ರೇಡ್ ಮಾಡುವ ಪಡಸಾಲೆಗೆ ತಿಳಿಬೂದಿ, ಅಡುಗೆಮನೆಗೂ ಮಲಗುವ ಕೋಣೆಗೂ ತಿಳಿಯಾದ ಗಂಧ. ಅಪ್ಪ ಎರಡು ಹಲಗೆಗಳ ಮುಂದೆಯೂ ಒಂದೊಂದು ಹಿಡಿ ಸೊಪ್ಪನ್ನು ಎತ್ತಿ ಹಿಡಿದು, ಬೆಳಿಗ್ಗೆಯೂ ಸಂಜೆಯೂ ನೋಡಿ, ‘ಇದರ ಮುಂದೆ ಹಸಿರು ಗೊತ್ತಾಗ್ತದೆ’ ಎಂದು ಬೂದಿಯ ಹಲಗೆಯನ್ನು ತೋರಿಸಿದರು. ಶ್ರೇಢಿಯ ಲೆಕ್ಕವಾಗಲಿ ಷೆವ್ರೆಲನ ಹೆಸರಾಗಲಿ ಅವರಿಗೆ ಬೇಕಾಗಲಿಲ್ಲ. ನಲವತ್ತು ವರ್ಷ ಎಲೆ ನೋಡಿದ ಕಣ್ಣಿಗೆ ಹಲಗೆಯೇ ಸಾಕಾಯಿತು. ಆದರೆ ಹಲಗೆ ಇಟ್ಟು ನೋಡಬೇಕೆಂಬ ಯೋಚನೆ ಬಂದದ್ದು ಪುಸ್ತಕದಿಂದ. ಪುಸ್ತಕದ ಪ್ರಶ್ನೆಯೂ ಹೊಲದ ಕಣ್ಣೂ ಒಂದೇ ಪಡಸಾಲೆಯಲ್ಲಿ ಎದುರುಬದುರು ಕುಳಿತರೆ ಯಾವುದೂ ಯಾವುದಕ್ಕೂ ಕಡಮೆಯಲ್ಲ. ಹಳ್ಳಿಯಿಂದ ಬಂದು ಈ ಕಾಲೇಜಿನಲ್ಲಿ ಓದುತ್ತಿರುವ ನನ್ನ ಸಹಪಾಠಿಗಳು, ತಮ್ಮ ಮನೆಯಲ್ಲಿ ಬಣ್ಣದ ಮಾತು ಬಂದಾಗ ಒಂದು ಹಲಗೆಯನ್ನಾದರೂ ಗೋಡೆಗೆ ಒರಗಿಸಿ ನೋಡಲಿ ಎಂಬುದಷ್ಟೇ ನನ್ನ ಬಿನ್ನಹ.